ಇಬ್ಬರೂ ಬೇಡ ಅನಿಸಿದಾಗ ನೋಟಾ ಒತ್ತಿದರೆ ತಪ್ಪೇ?

ಹಳ್ಳಿಮೇಷ್ಟ್ರು:
ನಮ್ಮ ಕ್ಷೇತ್ರದಲ್ಲಿ ಗೆಲ್ಲುವಂಥವರು ಇಬ್ಬರೇ. ಒಬ್ಬ ಮರಳು ದಂಧೆಯವನು, ಇನ್ನೊಬ್ಬ ಊರೂರಲ್ಲಿ ಜನರ ನಡುವೆ ಬೆಂಕಿ ಹಚ್ಚುವವನು. ಮರಳಿನವನಿಗೆ ಓಟು ಹಾಕಿದರೆ ಅವನ ಲೂಟಿಗೆ ನಾನೂ ಒಪ್ಪಿದಂತಲ್ಲವೇ? ನೋಟಾ ಒತ್ತೋಣ ಅನಿಸ್ತಿದೆ.

ತುಂಗಾತೀರ:
ಮೇಷ್ಟ್ರೇ, 2013ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ನೋಟಾ ಬಂತು, ನಿಜ. ಆದರೆ ವಿಧಾನಸಭೆ, ಲೋಕಸಭೆ ಚುನಾವಣೆಗಳಲ್ಲಿ ನೋಟಾವೇ ಮುಂದಿದ್ದರೂ, ಅಭ್ಯರ್ಥಿಗಳ ಪೈಕಿ ಹೆಚ್ಚು ಮತ ಪಡೆದವನೇ ಗೆಲ್ಲೋದು. 2024ರಲ್ಲಿ ಇಂದೋರ್‌ನಲ್ಲಿ 2 ಲಕ್ಷಕ್ಕೂ ಹೆಚ್ಚು ನೋಟಾ ಬಿತ್ತು, ಎರಡನೇ ಸ್ಥಾನ. ಫಲಿತಾಂಶ ಅಲುಗಾಡಲಿಲ್ಲ. ಫ್ರಾನ್ಸಿನಲ್ಲಿ 2002ರ ಅಧ್ಯಕ್ಷ ಚುನಾವಣೆಯಲ್ಲಿ ಕಟ್ಟಾ ಬಲಪಂಥೀಯ ಲೆ ಪೆನ್‌ನನ್ನು ತಡೆಯೋಕೆ ಎಡಪಂಥೀಯರೂ ಮೂಗು ಮುಚ್ಚಿಕೊಂಡು ಮಧ್ಯಮ ಬಲಪಂಥೀಯ ನಾಯಕ ಶಿರಾಕ್‌ಗೆ ಹಾಕಿದರು, ಶೇ. 82 ಮತ ಬಂತು. ಅವರ್‍ಯಾರೂ ಶಿರಾಕ್ ಅಭಿಮಾನಿಗಳಾಗಲಿಲ್ಲ.

ಕೆಂಪುಮಣ್ಣು:
ನಾನು ಒಪ್ಪಲ್ಲ. ಪ್ರತಿ ಸಲ ಕಡಿಮೆ ಕೆಟ್ಟವನನ್ನು ಆರಿಸುತ್ತಾ ಹೋದರೆ ಪಕ್ಷಗಳು ಒಳ್ಳೆಯವರಿಗೆ ಟಿಕೆಟ್ ಯಾಕೆ ಕೊಡ್ತವೆ? ಗೆಲ್ಲದಿದ್ದರೂ ಸರಿ, ಯೋಗ್ಯ ಪಕ್ಷೇತರರಿದ್ದರೆ ಅವರಿಗೆ ಹಾಕಿ. ಮೊದಲು ಎಲ್ಲರ ಅಫಿಡವಿಟ್ ಓದಿ, ಕ್ರಿಮಿನಲ್ ಕೇಸುಗಳ ವಿವರ ಅದರಲ್ಲೇ ಇರುತ್ತೆ.

ಹಳ್ಳಿಮೇಷ್ಟ್ರು:
ಓದಿದೆ. ಇಲ್ಲಿ ಪಕ್ಷೇತರರೆಲ್ಲ ಇವರಿಬ್ಬರೇ ನಿಲ್ಲಿಸಿದವರು. ಬೆಂಕಿ ಬಿದ್ದರೆ ಮೊದಲು ಸುಡೋದು ಸಂತೆಬೀದಿಯ ಸಣ್ಣ ಅಂಗಡಿಗಳು, ಅವರ ಮಕ್ಕಳು ನನ್ನ ತರಗತಿಯಲ್ಲೇ ಇದ್ದಾರೆ. ಮರಳಿನವನಿಗೇ ಹಾಕ್ತೀನಿ. ಗೆದ್ದ ಮೇಲೆ ಹೊಳೆಯಿಂದ ಲಾರಿ ಹೊರಟರೆ ತಹಶೀಲ್ದಾರರಿಗೆ ದೂರು ಕೊಡೋನೂ ನಾನೇ.