ಲೆಕ್ಕ ನೋಡುವ ತನಕ ನಿರಾಶ್ರಿತರನ್ನು ನಿಲ್ಲಿಸಿದರೆ ಏನಾಗುತ್ತೆ?

ಹ್ಯೂಸ್ಟನ್‌ವಾಸಿ:
ಈ ತಿಂಗಳು, 2015ರ ನವೆಂಬರ್‌ನಲ್ಲಿ, ಪ್ಯಾರಿಸ್ ದಾಳಿ ಆದಾಗಿನಿಂದ ನಮ್ಮ ಆಫೀಸಿನಲ್ಲಿ ಊಟದ ಹೊತ್ತಿಗೆ ಇದೇ ಮಾತು. ಟೆಕ್ಸಸ್‌ನ ಸಂಸದ ಬ್ರಯನ್ ಬಾಬಿನ್ ಜುಲೈನಲ್ಲೇ ಒಂದು ಮಸೂದೆ ತಂದಿದ್ದರಲ್ಲ, ನಿರಾಶ್ರಿತರಿಗೆ ಎಷ್ಟು ಖರ್ಚಾಗುತ್ತೆ ಅಂತ ಸರ್ಕಾರದ ಖರ್ಚು ತಪಾಸಣೆ ಮಾಡುವ ಜಿಎಒ ಲೆಕ್ಕ ನೋಡಿ ಮುಗಿಸುವ ತನಕ ಅಮೆರಿಕಕ್ಕೆ ಯಾರನ್ನೂ ಕರೆಸಬಾರದು ಅಂತ. ಗುರುವಾರ ಪ್ರತಿನಿಧಿ ಸಭೆಯಲ್ಲಿ 289-137ರಲ್ಲಿ ಪಾಸಾಗಿದ್ದು ಅದೇನಾ? ನಾಲ್ಕು ತಿಂಗಳು ನಿಂತರೆ ಯಾರ ಗಂಟು ಹೋಗುತ್ತೆ ಅಂತ ನನಗೂ ಅನ್ನಿಸುತ್ತೆ.

ಮಳೆಬಿಲ್ಲು:
ಅದಲ್ಲ. ಪಾಸಾಗಿದ್ದು ಬೇರೆ. ಸಿರಿಯಾ, ಇರಾಕ್‌ನಿಂದ ಬರುವ ಒಬ್ಬೊಬ್ಬರಿಗೂ ಎಫ್‌ಬಿಐ ಮುಖ್ಯಸ್ಥರೂ ಸೇರಿ ಮೂವರು ದೊಡ್ಡ ಅಧಿಕಾರಿಗಳು ಒಪ್ಪಿಗೆ ಕೊಡಬೇಕು ಅನ್ನುವುದು ಇದು. ಇನ್ನೂ ಸೆನೆಟ್ ದಾಟಬೇಕು. ಒಬಾಮ ವೀಟೊ ಮಾಡ್ತೀನಿ ಅಂದಿದ್ದಾರೆ.

ಮಂಚದಕ್ಕ:
ಗಂಟು ಯಾರದ್ದು ಅಂತ ಕೇಳಿದಿರಲ್ಲ, ಹೇಳ್ತೀನಿ. ಮೂರು ವರ್ಷದಿಂದ ಏರ್‌ಪೋರ್ಟಿಗೆ ಹೋಗಿ ನಿರಾಶ್ರಿತರನ್ನು ಕರ್ಕೊಂಡು ಬರ್ತಿದ್ದೇನೆ. ಗುರುತು ಹಿಡಿಯುವುದು ಸುಲಭ. ನೀಲಿ ಅಕ್ಷರದಲ್ಲಿ ಐಒಎಂ (ಅಂತಾರಾಷ್ಟ್ರೀಯ ವಲಸೆ ಸಂಸ್ಥೆ) ಅಂತ ಬರೆದ ಬಿಳಿ ಪ್ಲಾಸ್ಟಿಕ್ ಚೀಲ. ಅದರೊಳಗೆ ಎಕ್ಸ್‌ರೇ, ಕಾಗದಪತ್ರ ಎಲ್ಲಾ. ಕಾರಿನಲ್ಲಿ ಕೂತರೂ ಮಡಿಲಿನಿಂದ ಇಳಿಸಲ್ಲ.

ಇಲ್ಲಿಗೆ ಬರುವಷ್ಟರಲ್ಲಿ ಒಂದೂವರೆ ಎರಡು ವರ್ಷ ತಪಾಸಣೆ ಆಗಿರುತ್ತೆ. ಬೆರಳಚ್ಚು, ಸಂದರ್ಶನ, ಮೆಡಿಕಲ್. ಮೆಡಿಕಲ್ ಸಾಮಾನ್ಯವಾಗಿ ಆರು ತಿಂಗಳಷ್ಟೇ ಚಾಲ್ತಿಯಲ್ಲಿರುತ್ತೆ. ಸೆಕ್ಯುರಿಟಿ ಚೆಕ್ಕಿಗೂ ಅವಧಿ ಇದೆ. ಮನೆಮಂದಿಯೆಲ್ಲರದ್ದೂ ಒಂದೇ ದಿನ ಚಾಲ್ತಿಯಲ್ಲಿದ್ದರೆ ಮಾತ್ರ ವಿಮಾನ. ನಾನು ಕರ್ಕೊಂಡು ಬಂದ ಒಂದು ಸಂಸಾರದಲ್ಲಿ ಅಜ್ಜಿಯ ಮೆಡಿಕಲ್ ಅವಧಿ ಮುಗಿದಿತ್ತು. ಮತ್ತೆ ಮಾಡಿಸುವಷ್ಟರಲ್ಲಿ ಮಗನ ಚೆಕ್ ಮುಗೀತು. ಹನ್ನೊಂದು ತಿಂಗಳು ಹೀಗೇ ಹೋಯ್ತು. ಯಾರೂ ಏನೂ ನಿಲ್ಲಿಸದೇ ಇದ್ದಾಗಲೇ ಇಷ್ಟು!

2001ರಲ್ಲಿ ಅಮೆರಿಕದ ಮೇಲೆ ದಾಳಿ ಆದ ಮೇಲೆ ನಿರಾಶ್ರಿತರನ್ನು ಕೆಲವೇ ತಿಂಗಳು ನಿಲ್ಲಿಸಿದ್ದರು. ಮರುವರ್ಷದ ಮಿತಿ 70,000, ಬಂದವರು ಸುಮಾರು 27,000.

ಹ್ಯೂಸ್ಟನ್‌ವಾಸಿ:
ಇದು ಗೊತ್ತಿರಲಿಲ್ಲ. ಹಾಗಂತ ಲೆಕ್ಕ ಕೇಳಲೇಬಾರದಾ ಅಕ್ಕಾ? ತೆರಿಗೆ ನಮ್ಮದೂ ಅಲ್ವಾ?

ಮಂಚದಕ್ಕ:
ಧಾರಾಳವಾಗಿ ಕೇಳಿ. ನಾನೂ ತೆರಿಗೆ ಕಟ್ತೀನಿ. ಸುಮ್ನೆ ಒಂದು ಮಾತು, ಅವರ ವಿಮಾನದ ಟಿಕೆಟ್ ಕೂಡ ಸಾಲವೇ, ಕಂತಿನಲ್ಲಿ ತೀರಿಸಬೇಕು. ಆದರೆ ಜಿಎಒ ಕಡತ ನೋಡುವುದಕ್ಕೂ ಅಜ್ಜಿ ವಿಮಾನ ಹತ್ತುವುದಕ್ಕೂ ಎಲ್ಲಿಯ ಸಂಬಂಧ?

ಅಂದ ಹಾಗೆ ಮುಂದಿನ ವಾರ ಐದು ಜನರ ಸಂಸಾರ ಬರ್ತಿದೆ. ಶನಿವಾರ ಮಂಚ ಜೋಡಿಸಬೇಕು, ಒಬ್ಬಳ ಕೈಲಾಗಲ್ಲ. ಬರ್ತೀರಾ? ಸ್ಕ್ರೂಡ್ರೈವರ್ ಇದ್ದರೆ ತನ್ನಿ.