ರಾಗಿ ಹೊಲದಲ್ಲಿ ಮೂಗು ಊರುವ ಹಗುರ ವಿಮಾನ: ಚಕ್ರ ಬದಲಿಸಿದರೆ ಸಾಕೇ?

ಪ್ರಶ್ನೆ, ಕ್ಯಾತ್ಸಂದ್ರದಿಂದ

ಎಲ್ಲರಿಗೂ ನಮಸ್ಕಾರ. ಡೆಪ್ರಾನ್ ಎಂಬ ಫೋಮ್ ಹಾಳೆಯಲ್ಲಿ ಕಟ್ಟಿದ, ರಿಮೋಟ್‌ನಿಂದ ಹಾರಿಸುವ ತರಬೇತಿ ವಿಮಾನ ನನ್ನದು. ರೆಕ್ಕೆ ಮೇಲಿದೆ, ತುದಿಯಿಂದ ತುದಿಗೆ 1 ಮೀಟರ್. ಬ್ಯಾಟರಿ ಸೇರಿ ತೂಕ 480 ಗ್ರಾಂ. 1000 ಕೆವಿ (ಪ್ರತಿ ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು) ಮೋಟರ್, 10 ಇಂಚಿನ ಪ್ರೊಪೆಲ್ಲರ್, ಮೂರು ಸೆಲ್‌ನ 1000 ಎಂಎಎಚ್ ಬ್ಯಾಟರಿ. ಮುಂದೆ ಎರಡು ಚಕ್ರ, ಹಿಂದೆ ಬಾಲಚಕ್ರ. ಮುಂದಿನವು 40 ಮಿ.ಮೀ. ಅಡ್ಡಳತೆಯ ಗಟ್ಟಿ ಪ್ಲಾಸ್ಟಿಕ್, ತಲಾ 8 ಗ್ರಾಂ.

ಸಿಮೆಂಟ್ ನೆಲದ ಮೇಲೆ ಸಲೀಸಾಗಿ ಓಡಿ ಏರುತ್ತದೆ. ಕೊಯ್ಲಾದ ರಾಗಿ ಹೊಲಕ್ಕೆ ಒಯ್ದರೆ ಎರಡು ಮೂರು ಮೀಟರ್ ಓಡುವಷ್ಟರಲ್ಲಿ ಮುಗ್ಗರಿಸಿ ಮೂಗು ಊರುತ್ತದೆ, ಪ್ರೊಪೆಲ್ಲರ್ ಮುರಿಯುತ್ತದೆ. ಜೊತೆಗೆ ಎಡಕ್ಕೆ ಎಳೆಯುವ ಚಾಳಿ ಬೇರೆ.

ಅಂಗಡಿಯಲ್ಲಿ 65 ಮಿ.ಮೀ. ರಬ್ಬರ್ ಟೈರಿನ ಚಕ್ರಗಳಿವೆ. ನೋಡಲು ಅಚ್ಚುಕಟ್ಟು, ಆದರೆ ಒಂದೊಂದೂ 34 ಗ್ರಾಂ ತೂಗುತ್ತದೆ. ಕೊಳ್ಳಬಹುದೇ?

ಉತ್ತರ, ಚಿಂತಾಮಣಿಯಿಂದ

ಹಣ ಕೊಡುವ ಮುನ್ನ ಎರಡು ಅಳತೆ ಹೇಳಿ. ವಿಮಾನದ ಬಾಲವನ್ನು ಎತ್ತಿ, ಹಾರುವ ಭಂಗಿಯಲ್ಲಿ ಸಮತಟ್ಟಾಗಿ ಹಿಡಿದಾಗ ಗುರುತ್ವ ಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆ? ಚಕ್ರ ನೆಲ ಮುಟ್ಟುವ ಜಾಗ ಅದಕ್ಕಿಂತ ಎಷ್ಟು ಮುಂದಿದೆ? ಹೊಲದಲ್ಲಿ ಕೂಳೆ ಎಷ್ಟು ಉದ್ದ ಉಳಿದಿದೆ ಎಂಬುದನ್ನೂ ತಿಳಿಸಿ.

ಕ್ಯಾತ್ಸಂದ್ರ

ಎತ್ತರ 15 ಸೆಂ.ಮೀ. ಚಕ್ರ 2 ಸೆಂ.ಮೀ. ಮುಂದಿದೆ. ಹೊಲದ ಒಂದು ಪಟ್ಟಿಯಲ್ಲಿ ಕೂಳೆ ಕಿತ್ತು ಹದ ಮಾಡಿಕೊಂಡಿದ್ದೇನೆ, ಹೊಲದವರ ಒಪ್ಪಿಗೆ ಇದೆ. ಅಲ್ಲಲ್ಲಿ ಹೆಬ್ಬೆರಳ ಗಾತ್ರದ ಹೆಂಟೆಗಳಿವೆ.

ಚಿಂತಾಮಣಿ

ಹಾಗಾದರೆ ನಿಮ್ಮದು ಎರಡು ತೊಂದರೆ. ಚಕ್ರ ಚಿಕ್ಕದು, ಅದು ಕುಳಿತ ಜಾಗವೂ ತಪ್ಪು. ಎರಡನೆಯದನ್ನು ಸರಿಪಡಿಸದೆ ಮೊದಲನೆಯದಕ್ಕೆ ಹಣ ಸುರಿದರೆ ದೊಡ್ಡ ಚಕ್ರದ ಮೇಲೆಯೇ ಮೂಗು ಊರುತ್ತದೆ, ಅಷ್ಟೇ ವ್ಯತ್ಯಾಸ.

ಬಾಲಚಕ್ರದ ವಿಮಾನದಲ್ಲಿ ಚಕ್ರ ನೆಲ ಮುಟ್ಟುವ ಬಿಂದುವಿನಿಂದ ಗುರುತ್ವ ಕೇಂದ್ರಕ್ಕೆ ಗೆರೆ ಎಳೆದರೆ ಅದು ಲಂಬರೇಖೆಯಿಂದ 15ರಿಂದ 20 ಡಿಗ್ರಿ ಹಿಂದಕ್ಕೆ ವಾಲಿರಬೇಕು. 15 ಸೆಂ.ಮೀ. ಎತ್ತರಕ್ಕೆ ಲೆಕ್ಕ ಹಾಕಿದರೆ ಚಕ್ರ 4ರಿಂದ 5.5 ಸೆಂ.ಮೀ. ಮುಂದಿರಬೇಕಾಗುತ್ತದೆ. ನಿಮ್ಮದು 8 ಡಿಗ್ರಿಯನ್ನೂ ಮುಟ್ಟುವುದಿಲ್ಲ. ಸಿಮೆಂಟಿನ ಮೇಲೆ ಚಕ್ರವನ್ನು ಹಿಡಿದು ನಿಲ್ಲಿಸುವಂಥದ್ದೇನೂ ಇಲ್ಲದ್ದರಿಂದ ಈ ದೋಷ ಮುಚ್ಚಿಹೋಗಿತ್ತು. ಚಕ್ರ ಹೊತ್ತಿರುವ ಕಾಲಿನ ತಂತಿಯನ್ನು ಮುಂದಕ್ಕೆ ಬಗ್ಗಿಸಿ, ಚಕ್ರವನ್ನು 3 ಸೆಂ.ಮೀ. ಸರಿಸಿ. ಇದರಿಂದ ಗುರುತ್ವ ಕೇಂದ್ರವೂ ಮುಂದೆ ಬರುತ್ತದೆಯಲ್ಲ ಎಂಬ ಅಂಜಿಕೆ ಬೇಡ. ಚಕ್ರ, ತಂತಿ ಸೇರಿ 30 ಗ್ರಾಂ ಎಂದುಕೊಂಡರೂ ಅದು 2 ಮಿ.ಮೀ.ನಷ್ಟು ಮಾತ್ರ ಸರಿಯುತ್ತದೆ. ಬ್ಯಾಟರಿಯನ್ನು ಸುಮಾರು 1 ಸೆಂ.ಮೀ. ಹಿಂದೆ ತಳ್ಳಿದರೆ ಲೆಕ್ಕ ಸರಿಹೋಯಿತು.

ಇನ್ನು ಗಾತ್ರ. 1 ಸೆಂ.ಮೀ. ಎತ್ತರದ ಹೆಂಟೆಗೆ ತಾಗಿ ನಿಂತ 40 ಮಿ.ಮೀ. ಚಕ್ರವನ್ನು ಮೇಲೆ ಹತ್ತಿಸಲು ಅದರ ಮೇಲಿರುವ ಭಾರದ 1.7 ಪಟ್ಟು ಎಳೆತ ಬೇಕು. 70 ಮಿ.ಮೀ. ಚಕ್ರಕ್ಕೆ ಹೆಚ್ಚುಕಡಿಮೆ ಭಾರದಷ್ಟೇ ಎಳೆತ ಸಾಕು. ಹಾಗಾಗಿ ದೊಡ್ಡ ಚಕ್ರ ಬೇಕೇಬೇಕು. ಆದರೆ ಆ ರಬ್ಬರ್ ಟೈರು ಬೇಡ. ಇರುವುದರ ಜಾಗಕ್ಕೆ ಅದನ್ನು ಹಾಕಿದರೆ 52 ಗ್ರಾಂ ಹೆಚ್ಚುತ್ತದೆ. ತೂಕ ನೂರಕ್ಕೆ 11ರಷ್ಟು ಏರಿದರೆ ಇಳಿಯುವ ವೇಗ ನೂರಕ್ಕೆ 5ರಷ್ಟು ಏರುತ್ತದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಸಮುದ್ರ ಮಟ್ಟದಿಂದ 800 ಮೀಟರಿಗಿಂತ ಮೇಲಿರುವುದರಿಂದ ತೆಳು ಗಾಳಿಗಾಗಿ ಈಗಾಗಲೇ ಕರಾವಳಿಯವರಿಗಿಂತ ನೂರಕ್ಕೆ 4ರಷ್ಟು ಹೆಚ್ಚಿನ ವೇಗದಲ್ಲಿ ಇಳಿಯುತ್ತಿದ್ದೇವೆ. ಅದರ ಮೇಲೆ ಇದು ಬೇರೆ ಏಕೆ?

ನಿಮ್ಮೂರಿನ ತಟ್ಟೆ ಇಡ್ಲಿಯಂಥ ಚಕ್ರ ಹುಡುಕಿ: ಅಗಲವಾಗಿರಬೇಕು, ಕೈಗೆ ಹಗುರವಾಗಿರಬೇಕು. ಇವಿಎ ಫೋಮಿನ 65ರಿಂದ 70 ಮಿ.ಮೀ. ಚಕ್ರ ಸಿಕ್ಕರೆ ತಲಾ 10 ಗ್ರಾಂ ಆಸುಪಾಸಿನಲ್ಲಿ ಮುಗಿಯುತ್ತದೆ. ಈ ತೂಕದ ವಿಮಾನಕ್ಕೆ ಎರಡೂ ಚಕ್ರ ಸೇರಿ ಒಟ್ಟು ತೂಕದ ನೂರಕ್ಕೆ 5ರೊಳಗೆ, ಅಂದರೆ 24 ಗ್ರಾಂ ಒಳಗೆ ಇರಬೇಕೆಂಬುದು ನಾನು ಇಟ್ಟುಕೊಂಡಿರುವ ಗಡಿ.

ಉತ್ತರ, ಬಂಗಾರಪೇಟೆಯಿಂದ

ಲೆಕ್ಕ ಒಪ್ಪುತ್ತೇನೆ, ಆದರೆ ಅರ್ಧ ಕೆ.ಜಿ.ಯ ವಿಮಾನಕ್ಕೆ ಹೊಲದಲ್ಲಿ ಚಕ್ರವೇ ಅನಗತ್ಯ ಎಂಬುದು ನನ್ನ ವಾದ. ನಮ್ಮ ಕೋಲಾರದ ಕಡೆ ಒಣಗಿದ ಕೆರೆಯಂಗಳ ರನ್‌ವೇ ಆಗಿದ್ದ ಕಾಲದಲ್ಲಿ ಚಕ್ರಕ್ಕೆ ಅರ್ಥವಿತ್ತು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಹರಿಯತೊಡಗಿದ ಮೇಲೆ ಎಷ್ಟೋ ಕೆರೆಗಳಲ್ಲಿ ನೀರು ನಿಂತಿತು, ನಾವು ಹೊಲಕ್ಕೆ ಬಂದೆವು. ಕೆರೆಗೆ ನೀರು ಬಂದದ್ದಕ್ಕೆ ದೂರು ಹೇಳುವಷ್ಟು ಹುಚ್ಚು ನನಗೆ ಹಿಡಿದಿಲ್ಲ. ಕಾಲು ಬಿಚ್ಚಿಡಿ, ಕೈಯಿಂದ ಎಸೆಯಿರಿ, ಹೊಟ್ಟೆಯ ಮೇಲೆ ಇಳಿಸಿ. ಹೊಟ್ಟೆಗೆ ಅಗಲವಾದ ಅಂಟುಪಟ್ಟಿ ಸುತ್ತಿದರೆ ಫೋಮ್ ಸವೆಯುವುದಿಲ್ಲ. ಪ್ರೊಪೆಲ್ಲರನ್ನು ರಬ್ಬರ್ ಉಂಗುರದಲ್ಲಿ ಕಟ್ಟಿದರೆ ನೆಲಕ್ಕೆ ತಾಗಿದಾಗ ಕಳಚಿಕೊಳ್ಳುತ್ತದೆ, ಮುರಿಯುವುದಿಲ್ಲ.

ಚಿಂತಾಮಣಿ

ಕೂಳೆ ಇರುವ ಹೊಲವಾದರೆ ನಿಮ್ಮ ಮಾತೇ ಸರಿ, ಅಲ್ಲಿ ಯಾವ ಚಕ್ರವೂ ನಡೆಯುವುದಿಲ್ಲ. ಆದರೆ ಇವರು ಪಟ್ಟಿ ಹದ ಮಾಡಿಕೊಂಡಿದ್ದಾರೆ, ಕಲಿಯುತ್ತಲೂ ಇದ್ದಾರೆ. ಒಬ್ಬರೇ ಹೋಗುವ ಕಲಿಕೆಯವರಿಗೆ ಒಂದು ಕೈಯಲ್ಲಿ ರಿಮೋಟ್ ಹಿಡಿದು ಇನ್ನೊಂದು ಕೈಯಲ್ಲಿ ಎಸೆಯುವುದು ಸುಲಭವಲ್ಲ.

ಕ್ಯಾತ್ಸಂದ್ರ

ಇಬ್ಬರಿಗೂ ಧನ್ಯವಾದ. ಚಕ್ರದಲ್ಲಿ ಓಡಿ ಏರುವುದೇ ನನಗೆ ಅರ್ಧ ಖುಷಿ, ಹಾಗಾಗಿ ಕಾಲು ಬಿಚ್ಚಲಾರೆ. ಇಲ್ಲಿ ಫೋಮ್ ಚಕ್ರ ಸಿಗಲಿಲ್ಲ. ಹವಾಯಿ ಚಪ್ಪಲಿಯ ಅಟ್ಟೆಯಿಂದ ಕತ್ತರಿಸಿಕೊಳ್ಳಬಹುದೇ?

ಚಿಂತಾಮಣಿ

ಧಾರಾಳವಾಗಿ. ಆದರೆ ಎಲ್ಲ ಚಪ್ಪಲಿಯೂ ಒಂದೇ ಅಲ್ಲ. ಹಳೆಯ ಬಗೆಯ ರಬ್ಬರ್ ಅಟ್ಟೆಯಲ್ಲಿ 70 ಮಿ.ಮೀ. ಚಕ್ರ 20 ಗ್ರಾಂ ದಾಟಬಹುದು. ಉಗುರಿನಿಂದ ಒತ್ತಿದರೆ ಮೆತ್ತಗೆ ತಗ್ಗಿ ಮತ್ತೆ ಉಬ್ಬುವ ಹಗುರ ಇವಿಎ ಅಟ್ಟೆಯಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಕತ್ತರಿಸುವ ಮೊದಲು ಒಂದು ತುಂಡನ್ನು ತೂಗಿ ನೋಡಿ.

ಸ್ವಲ್ಪ ದೊಡ್ಡದಾಗಿಯೇ ಕತ್ತರಿಸಿ, ನಡುವೆ ಬೋಲ್ಟ್ ತೂರಿಸಿ ನಟ್ಟು ಬಿಗಿದು ಡ್ರಿಲ್ ಮೆಷಿನ್ನಿಗೆ ಸಿಕ್ಕಿಸಿ. ನಿಧಾನವಾಗಿ ತಿರುಗಿಸುತ್ತ ಉಪ್ಪುಕಾಗದ ಹಿಡಿದರೆ ದುಂಡಗಾಗುತ್ತದೆ. ಫೋಮಿನ ತೂತನ್ನು ನೇರವಾಗಿ ತಂತಿಗೆ ಹಾಕಬೇಡಿ. ಅದು ಬೇಗ ಸವೆದು ದೊಡ್ಡದಾಗುತ್ತದೆ, ಚಕ್ರ ಓಲಾಡುತ್ತದೆ. ತಂತಿಯ ಮೇಲೆ ಸಡಿಲವಾಗಿ ತಿರುಗುವ ಖಾಲಿ ರೀಫಿಲ್ ಕೊಳವೆಯ ತುಂಡನ್ನು ತೂತಿನಲ್ಲಿ ಕೂರಿಸಿ, ಎರಡೂ ಬದಿಗೆ ತೆಳು ಪ್ಲಾಸ್ಟಿಕ್ ಬಿಲ್ಲೆ ಇಟ್ಟು ಚಪ್ಪಲಿಯ ಅಂಟಿನಿಂದ ಅಂಟಿಸಿ. ಹೊರಗೆ ಜಾರದಂತೆ ಸ್ಕ್ರೂ ಇರುವ ಕಾಲರ್ ಹಾಕಿ.

ಎಡಕ್ಕೆ ಎಳೆಯುವುದರಲ್ಲಿ ಹೆಚ್ಚಿನ ಪಾಲು ಪ್ರೊಪೆಲ್ಲರಿನದು. ಮೊದಲು ಮೋಟರ್ ಆರಿಸಿ ನೆಲದ ಮೇಲೆ ತಳ್ಳಿ ನೋಡಿ. ಆಗಲೂ ಎಡಕ್ಕೆ ಹೋದರೆ ಎಡಚಕ್ರ ಬಿಗಿಯಾಗಿದೆ ಅಥವಾ ತಂತಿ ಸೊಟ್ಟಗಿದೆ. ನೇರ ಹೋದರೆ ಥ್ರಾಟಲನ್ನು ಒಮ್ಮೆಲೇ ತಳ್ಳದೆ ಮೆಲ್ಲಗೆ ಏರಿಸಿ, ಬಲ ರಡ್ಡರ್ (ಬಾಲದ ನೆಟ್ಟಗಿನ ಚುಕ್ಕಾಣಿ) ಕೊಡಿ. ಓಟದ ಆರಂಭದಲ್ಲಿ ಬಾಲದ ಅಡ್ಡ ಚುಕ್ಕಾಣಿಯಾದ ಎಲಿವೇಟರನ್ನು ಮೇಲಕ್ಕೆ ಹಿಡಿದು ಬಾಲವನ್ನು ನೆಲಕ್ಕೆ ಒತ್ತಿರಿ, ವೇಗ ಬಂದಂತೆ ಸಡಿಲಿಸಿ.

ಕ್ಯಾತ್ಸಂದ್ರ

ಚಕ್ರ ಸಿದ್ಧವಾಯಿತು. 70 ಮಿ.ಮೀ., ತಲಾ 11 ಗ್ರಾಂ. ಕಾಲು ಮುಂದೆ ಬಗ್ಗಿಸಿದ್ದೇನೆ. ಇಂದು ಹೊಲದಿಂದ ನೇರವಾಗಿ ಏರಿತು, ಮೂಗು ಊರಲಿಲ್ಲ. ಇಳಿಯುವಾಗ ಮಾತ್ರ ಚೆಂಡಿನಂತೆ ಪುಟಿಯುತ್ತದೆ. ಚಕ್ರದ ತುಂಬ ನೆಗ್ಗಿಲ ಮುಳ್ಳು ಚುಚ್ಚಿಕೊಂಡಿದೆ.

ಬಂಗಾರಪೇಟೆ

ಮುಳ್ಳಿನಿಂದ ಫೋಮಿಗೆ ಪಂಕ್ಚರ್ ಭಯವಿಲ್ಲ, ಚಿಮಟದಿಂದ ಕಿತ್ತುಹಾಕಿ. ಗಾಳಿ ತುಂಬುವ ಟೈರಾಗಿದ್ದರೆ ಇಂದೇ ಮುಗಿಯುತ್ತಿತ್ತು. ಪುಟಿತಕ್ಕೆ ಕಾರಣ ಕಾಲಿನ ತಂತಿ ಇರಬಹುದು. ಎಷ್ಟು ದಪ್ಪ?

ಕ್ಯಾತ್ಸಂದ್ರ

2 ಮಿ.ಮೀ. ಪಿಯಾನೊ ತಂತಿ, ಸರ್.

ಬಂಗಾರಪೇಟೆ

ಅದು ಒಳ್ಳೆಯ ಸ್ಪ್ರಿಂಗ್, ಪುಟಿಸುವುದು ಸಹಜ. ಸೈಕಲ್ ಕಡ್ಡಿ ಹಾಕಿ ನೋಡಿ. ದಪ್ಪ ಅಷ್ಟೇ ಇರುತ್ತದೆ, ಆದರೆ ಗಟ್ಟಿಯಾಗಿ ಇಳಿದರೆ ಪುಟಿಸುವ ಬದಲು ತಾನೇ ಬಾಗಿ ಏಟು ನುಂಗುತ್ತದೆ. ಇಕ್ಕಳದಿಂದ ಮತ್ತೆ ನೆಟ್ಟಗೆ ಮಾಡಿಕೊಳ್ಳಿ. ಇಳಿದು ಬಂದಾಗಲೆಲ್ಲ ಎರಡೂ ಚಕ್ರ ಒಂದೇ ಸಾಲಿನಲ್ಲಿವೆಯೇ ಎಂದು ಹಿಂದಿನಿಂದ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಮನೆಯಲ್ಲಿ ವಿಮಾನವನ್ನು ಚಕ್ರದ ಮೇಲೆ ನಿಲ್ಲಿಸಿಡಬೇಡಿ, ಮೊಳೆಗೆ ತೂಗುಹಾಕಿ. ಮೆತ್ತನೆಯ ಇವಿಎ ವಾರಗಟ್ಟಲೆ ಭಾರ ಹೊತ್ತರೆ ಒಂದು ಬದಿ ಚಪ್ಪಟೆಯಾಗುತ್ತದೆ.