ಸಹಾಯ ಬೇಕು: ಸ್ಪೇಸೈಡ್ ವಿಸ್ಕಿ ಹಬ್ಬಕ್ಕೆ ಹೋಗಿ ಬಂದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು, ನಮ್ಮ ಅಣ್ಣ ಸ್ಕಾಟ್ಲೆಂಡಿನ ಸ್ಪಿರಿಟ್ ಆಫ್ ಸ್ಪೇಸೈಡ್ ಹಬ್ಬಕ್ಕೆ ಹೋಗಬೇಕು ಅಂತಿದ್ದೇವೆ. ಏಪ್ರಿಲ್ ಕೊನೆಗೆ ಶುರುವಾಗುತ್ತದೆ. ಇದು ಒಂದೇ ಮೈದಾನದ ಜಾತ್ರೆ ಅಲ್ಲ. ಡಫ್‌ಟೌನ್, ಕ್ರೇಗೆಲಾಕಿ, ಅಬರ್ಲೌರ್ ಹೀಗೆ ಊರೂರಲ್ಲಿ ಕಾರ್ಯಕ್ರಮ, ಟಿಕೆಟ್ಟೂ ಬೇರೆ ಬೇರೆ.

ದೊಡ್ಡ ಚಿಂತೆ ಓಡಾಟದ್ದು. ರೈಲು ಎಲ್ಗಿನ್, ಕೀತ್ ತನಕ ಸಿಗುತ್ತದೆ. ಆಮೇಲೆ? ಕುಡಿದು ಕಾರು ಓಡಿಸುವ ಮಾತೇ ಇಲ್ಲ. ಸ್ಕಾಟ್ಲೆಂಡಿನಲ್ಲಿ 2014ರಿಂದ ಮಿತಿ 100 ಮಿಲಿಲೀಟರ್ ರಕ್ತಕ್ಕೆ 50 ಮಿಲಿಗ್ರಾಂ ಅಷ್ಟೆ. ಡ್ರೈವರ್ ಪಾಲನ್ನು ಆಮೇಲೆ ಕುಡಿಯಲಿ ಅಂತ ಪುಟ್ಟ ಬಾಟಲಿಯಲ್ಲಿ ಕೊಡುವ ಡಿಸ್ಟಿಲರಿಗಳೂ (ವಿಸ್ಕಿ ತಯಾರಿಸುವ ಕಡೆ) ಇವೆ, ಒಳ್ಳೆಯ ಪದ್ಧತಿ. ಆದರೂ ದಿನವೆಲ್ಲ ಒಬ್ಬರೇ ಬಾಯಿ ಕಟ್ಟಿಕೊಂಡಿರೋದು ಬೇಜಾರು ಅಲ್ವಾ? ಯಾವ ಊರಲ್ಲಿ ಉಳಿದರೆ ನಡೆದೇ ಜಾಸ್ತಿ ಕಡೆ ಹೋಗಬಹುದು? ಟ್ಯಾಕ್ಸಿ ಮೊದಲೇ ಹೇಳಿಡಬೇಕಾ?

ಅಣ್ಣ ಸಸ್ಯಾಹಾರಿ. ವಿಸ್ಕಿ ಜೊತೆಗಿನ ಡಿನ್ನರ್‌ಗಳಲ್ಲಿ ಅವನಿಗೂ ಸರಿಯಾದ ಊಟ ಸಿಗುತ್ತದಾ?

ನನಗಂತೂ ವಿಸ್ಕಿ ತಯಾರಿಸುವವರ ಜೊತೆ ಕೂತು ಮಾತಾಡುವ ಆಸೆ. ಸ್ಕಾಚ್ ಕನಿಷ್ಠ 3 ವರ್ಷ ಓಕ್ ಪೀಪಾಯಿಯಲ್ಲಿ ಇರಲೇಬೇಕು. ಮೊದಲು ಶೆರ್ರಿ (ಸ್ಪೇನಿನ ವೈನ್) ಇದ್ದ ಪೀಪಾಯಿ, ಬರ್ಬನ್ (ಅಮೆರಿಕದ ವಿಸ್ಕಿ) ಇದ್ದ ಪೀಪಾಯಿ ರುಚಿಯನ್ನು ಹೇಗೆ ಬದಲಿಸುತ್ತವೆ ಅಂತ ಅವರ ಬಾಯಲ್ಲೇ ಕೇಳಬೇಕು. ಸುಮ್ನೆ ಗ್ಲಾಸು ತುಂಬಿಸಿ ಕಳಿಸದೆ, ಸಮಾಧಾನವಾಗಿ ವಿವರಿಸುವ ಟೇಸ್ಟಿಂಗ್ ಯಾವುದು? ಹೋಗಿ ಬಂದವರು ದಯವಿಟ್ಟು ತಿಳಿಸಿ.